ದಂಡಿನ ಚೆಂಡು

ಕೊಚ್ಚಿಯಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ನವೆಂಬರ್ ಒಂದನೆಯ ತಾರೀಖು ಜೋಡಿಹಬ್ಬ. 1956ರಲ್ಲಿ ಆ ಒಂದೇ ದಿನ ವಿಶಾಲ ಮೈಸೂರೂ ಕೇರಳವೂ ಹುಟ್ಟಿದವು. ಬೆಳಿಗ್ಗೆ ನೆರೆಮನೆಯ ಮಲಯಾಳಿ ಬಂಧುಗಳಿಗೆ ಶುಭ ಹೇಳಿ, ಸಂಜೆ ತಾಯಿ ಭುವನೇಶ್ವರಿಗೆ ಆರತಿ ಎತ್ತುವ ಭಾಗ್ಯ ನಮ್ಮದು. ಕಾಸರಗೋಡಿನಿಂದ ಬಂದು ಇಲ್ಲಿ ನಿಂತ ನಮ್ಮ ಕೆಲವು ನಂಟರು ಆ ಆರತಿಯ ನಡುವೆ ಒಂದು ನಿಟ್ಟುಸಿರನ್ನೂ ಬಿಡುತ್ತಾರೆ. ಅದು ಬೇರೆಯ ಮಾತು. ಇಂತಹ ಸಂಚಿಕೆಗಳಲ್ಲಿ ಪಂಪನನ್ನೂ ಪುಲಿಕೇಶಿಯನ್ನೂ ನೆನೆಯುವುದು ವಾಡಿಕೆ. ಅವರನ್ನು ನೆನೆಯುವವರು ಬಹಳ ಮಂದಿ ಇದ್ದಾರೆ. ನಾವು ಈ ಸಲ ಒಂದು ಚರ್ಮದ ಚೆಂಡಿನ ಬೆನ್ನು ಹತ್ತಿ ಹೋಗಬೇಕೆಂದಿದ್ದೇವೆ. ಅದು ದಂಡಿನವರು ತಂದ ಚೆಂಡು, ಯುದ್ಧದ ವರ್ಷಗಳಲ್ಲಿ ಕೊಚ್ಚಿಯಲ್ಲೂ ಬೆಂಗಳೂರಿನಲ್ಲೂ ಉರುಳಿದ ಚೆಂಡು.

ಭಾನುವಾರದ ಸಂಜೆ ಫೋರ್ಟ್ ಕೊಚ್ಚಿಯ ಪರೇಡ್ ಮೈದಾನಕ್ಕೆ ಹೋಗಿ ನಿಂತವರಿಗೆ ಈ ಕಥೆಯ ಮೊದಲ ಅಧ್ಯಾಯ ಕಣ್ಣೆದುರೇ ಕಾಣುತ್ತದೆ. ಒಂದು ಬದಿಗೆ 1503ರಲ್ಲಿ ಪೋರ್ಚುಗೀಸರು ಅಡಿಪಾಯವಿಟ್ಟ ಸಂತ ಫ್ರಾನ್ಸಿಸರ ಇಗರ್ಜಿ; 1524ರಲ್ಲಿ ಸತ್ತ ವಾಸ್ಕೋ ಡ ಗಾಮನನ್ನು ಮೊದಲು ಮಣ್ಣು ಮಾಡಿದ್ದು ಅಲ್ಲಿಯೇ. ಪೋರ್ಚುಗೀಸರು ಹೋಗಿ ಡಚ್ಚರು ಬಂದರು, 1795ರಲ್ಲಿ ಡಚ್ಚರು ಹೋಗಿ ಇಂಗ್ಲಿಷರು ಬಂದರು. ಮೂರು ದೇಶದವರ ಸಿಪಾಯಿಗಳು ಇದೇ ಬಯಲಿನಲ್ಲಿ ಎಡಬಲ ಕಾಲು ಹಾಕಿದರು. ಮೂವರೂ ಹೋದರು. ಈಗ ಅಲ್ಲಿ ಹುಡುಗರು ಚೆಂಡನ್ನು ಒದೆಯುತ್ತಾರೆ. ಬೆಂಗಳೂರಿನಿಂದ ಬಂದ ನಮಗೆ ಈ ನೋಟ ಹೊಸದೇನಲ್ಲ. ನಮ್ಮ ಊರಿನಲ್ಲಿಯೂ ಪರೇಡ್ ಮೈದಾನವಿತ್ತು, ಅದರ ಸುತ್ತ ದಂಡು ಇತ್ತು, ದಂಡಿನ ಬೇಲಿಯ ಆಚೆ ಬರಿಗಾಲಿನಲ್ಲಿ ನಿಂತು ನೋಡುವ ಹುಡುಗರೂ ಇದ್ದರು.

ಎರಡನೆಯ ಮಹಾಯುದ್ಧದ ಕಾಲಕ್ಕೆ ಕೊಚ್ಚಿ ಎಂಬುದು ಒಂದು ಊರಲ್ಲ, ಮೂರು ಊರು. ಫೋರ್ಟ್ ಕೊಚ್ಚಿ ಮದರಾಸು ಪ್ರಾಂತದ ಮಲಬಾರು ಜಿಲ್ಲೆಗೆ ಸೇರಿದ ಬ್ರಿಟಿಷ್ ನೆಲ. ಒಂದು ಕೂಗಳತೆಯ ಮಟ್ಟಂಚೇರಿಯೂ, ಹಿನ್ನೀರಿನ ಆಚೆಯ ಎರ್ನಾಕುಳವೂ ಕೊಚ್ಚಿಯ ಮಹಾರಾಜರವು. ನಡುವೆ ನೀರಿನಿಂದ ಎತ್ತಿದ ಹೊಸ ನೆಲವೊಂದು, ವಿಲಿಂಗ್ಡನ್ ದ್ವೀಪ. ಈ ದ್ವೀಪದ ಕರ್ತೃ ರಾಬರ್ಟ್ ಬ್ರಿಸ್ಟೋ ಎಂಬ ಇಂಜಿನಿಯರು. 1920ರಲ್ಲಿ ಬಂದ ಈತ ಅಳಿವೆಯ ಬಾಯಿಗೆ ಅಡ್ಡ ಬಿದ್ದಿದ್ದ ಮರಳಿನ ದಿಬ್ಬವನ್ನು ತೋಡಿಸಿ, ತೋಡಿದ ಮಣ್ಣನ್ನೇ ಹಿನ್ನೀರಿನಲ್ಲಿ ಗುಡ್ಡೆ ಹಾಕಿಸಿ ದ್ವೀಪ ಮಾಡಿದ. 1928ರಲ್ಲಿ ‘ಪದ್ಮಾ’ ಎಂಬ ಹಡಗು ಮೊದಲ ಬಾರಿಗೆ ಒಳಬಂದರಿಗೆ ಬಂತು. 1936ಕ್ಕೆ ಕೊಚ್ಚಿಗೆ ಪ್ರಧಾನ ಬಂದರೆಂಬ ಪದವಿ ದೊರೆಯಿತು. ಇದನ್ನು ಕಟ್ಟಿದ್ದು ವ್ಯಾಪಾರಕ್ಕೆ. ಫಲ ಉಂಡದ್ದು ಯುದ್ಧ. ಬ್ರಿಸ್ಟೋ ಊರು ಬಿಟ್ಟದ್ದು 1941ರಲ್ಲಿ. ಅದೇ ವರ್ಷದ ಕೊನೆಗೆ ಜಪಾನು ಯುದ್ಧಕ್ಕೆ ಇಳಿಯಿತು.

1942ರ ಫೆಬ್ರವರಿ 15ರಂದು ಸಿಂಗಪುರ ಬಿತ್ತು. ಮಾರ್ಚಿಯಲ್ಲಿ ರಂಗೂನು ಹೋಯಿತು. ಏಪ್ರಿಲ್ ಮೊದಲ ವಾರಗಳಲ್ಲಿ ಕೊಲಂಬೋ, ತ್ರಿಂಕೋಮಲಿಗಳ ಮೇಲೆಯೂ ನಮ್ಮ ಪೂರ್ವ ಕರಾವಳಿಯ ವಿಶಾಖಪಟ್ಟಣ, ಕಾಕಿನಾಡಗಳ ಮೇಲೆಯೂ ಬಾಂಬು ಬಿದ್ದವು. ಪೂರ್ವದ ಬಂದರುಗಳು ಹೆದರಿ ಕುಳಿತಾಗ ಪಶ್ಚಿಮದ ಕೊಚ್ಚಿಗೆ ಇದ್ದಕ್ಕಿದ್ದಂತೆ ಬೆಲೆ ಬಂತು. ಬಂದರು ನೌಕಾಪಡೆಯ ವಶವಾಯಿತು. ಅದು ಮತ್ತೆ ನಾಗರಿಕ ಆಡಳಿತಕ್ಕೆ ಮರಳಿದ್ದು 1945ರ ಮೇ 19ರಂದು. 1943ರಲ್ಲಿ ವೆಂಡುರುತ್ತಿ ಎಂಬ ಹೆಸರಿನಿಂದ ಭಾರತೀಯ ನೌಕಾನೆಲೆ ನಿಂತಿತು. ದ್ವೀಪದ ವಿಮಾನಪಟ್ಟಿ ಸೈನ್ಯದ ಕೆಲಸಕ್ಕೆ ಹೋಯಿತು. ಹಿನ್ನೀರಿನಲ್ಲಿ ಕ್ಯಾಟಲೀನಾ ಎಂಬ ನೀರುವಿಮಾನಗಳು ಬಾತುಕೋಳಿಗಳ ಹಾಗೆ ಇಳಿದು ಏಳತೊಡಗಿದವು.

ಇಷ್ಟು ಮಂದಿ ಸಿಪಾಯಿಗಳು ಒಂದು ಕಡೆ ಸೇರಿದ ಮೇಲೆ ಸಂಜೆ ಐದು ಗಂಟೆಗೆ ಅವರು ಮಾಡುವುದೇನು? ಇಂಗ್ಲಿಷರ ಸೈನ್ಯದಲ್ಲಿ ಇದಕ್ಕೆ ಹಳೆಯದಾದ ಉತ್ತರವೊಂದಿತ್ತು: ಫುಟ್‌ಬಾಲು. ಸಿಮ್ಲಾದ ಡ್ಯೂರಂಡ್ ಕಪ್ಪು 1888ರಲ್ಲಿ ಹುಟ್ಟಿದ್ದು, ಬೊಂಬಾಯಿಯ ರೋವರ್ಸ್ ಕಪ್ಪು 1891ರಲ್ಲಿ ಹುಟ್ಟಿದ್ದು, ಎರಡೂ ಸಿಪಾಯಿಗಳನ್ನು ಹೆಂಡದ ಅಂಗಡಿಯಿಂದ ದೂರ ಇಡುವ ಈ ವಿದ್ಯೆಯ ಬಲದಿಂದಲೇ. ಆದರೆ ರೆಜಿಮೆಂಟಿನ ಟೀಮು ಬೇರೆ, ಯುದ್ಧಕಾಲದ ನೆಲೆಯ ಟೀಮು ಬೇರೆ. ಇದನ್ನು ವಾಚಕರು ಸ್ವಲ್ಪ ಗಮನಿಸಬೇಕು.

ಶಾಂತಿಕಾಲದ ರೆಜಿಮೆಂಟು ಒಂದು ಊರಿನಲ್ಲಿ ಎರಡು ಮೂರು ವರ್ಷ ತಳವೂರುತ್ತಿತ್ತು. ಅದರ ಹನ್ನೊಂದು ಮಂದಿ ಒಟ್ಟಿಗೆ ಉಂಡು, ಒಟ್ಟಿಗೆ ಕವಾಯತು ಮಾಡಿ, ಒಬ್ಬರ ಕಾಲಿನ ಮರ್ಮವನ್ನು ಮತ್ತೊಬ್ಬರು ಅರಿತು ಆಡುತ್ತಿದ್ದರು. ಯುದ್ಧಕಾಲದ ನೆಲೆ ಎಂದರೆ ಒಂದು ಧರ್ಮಛತ್ರ. ಈ ಹಡಗಿನಿಂದ ಇಳಿದವರು ಮುಂದಿನ ರೈಲಿನವರೆಗೆ ಅಲ್ಲಿ ತಂಗುವರು. ಈ ಶನಿವಾರ ಚೆಂದವಾಗಿ ಗೋಲು ಹೊಡೆದವನು ಬರುವ ಶನಿವಾರ ಅಸ್ಸಾಮಿನ ಗಡಿಯಲ್ಲಿರಬಹುದು. ಆದ್ದರಿಂದ ನೆಲೆಯ ಟೀಮಿನ ‘ಸೀಸನ್’ ಮಳೆಗಾಲದ ಮೋಡದ ಹಾಗೆ: ಆಕಾರವಿದೆ, ಆದರೆ ನೋಡನೋಡುತ್ತಲೇ ಬೇರೆ ಆಕಾರ. ರೋವರ್ಸ್ ಕಪ್ಪಿನ ಯುದ್ಧಕಾಲದ ಪಟ್ಟಿಯನ್ನು ತೆರೆದು ನೋಡಿದರೆ ಈ ಬದಲಾವಣೆ ಹೆಸರುಗಳಲ್ಲಿಯೇ ತಿಳಿಯುತ್ತದೆ. ಮೊದಲೆಲ್ಲ ಹೈಲ್ಯಾಂಡರು, ಫ್ಯೂಸಿಲಿಯರು ಎಂಬ ರಣಕಹಳೆಯಂತಹ ಹೆಸರುಗಳು. 1943ರಲ್ಲಿ ರಾಯಲ್ ಏರ್ ಫೋರ್ಸು. 1945ರಲ್ಲಿ ಮಿಲಿಟರಿ ಪೊಲೀಸು. 1944ರಲ್ಲಿಯೂ 1946ರಲ್ಲಿಯೂ ‘ಬ್ರಿಟಿಷ್ ಬೇಸ್ ರೀಇನ್‌ಫೋರ್ಸ್‌ಮೆಂಟ್ ಕ್ಯಾಂಪ್’. ಎಂದರೆ, ಮುಂದಿನ ಸಾಲಿಗೆ ಕಳಿಸುವ ಆಳುಗಳನ್ನು ಕೂಡಿಡುವ ಶಿಬಿರ! ಒಂದು ಕ್ಯಾಂಪಿನ ಹೆಸರು ಬೆಳ್ಳಿಯ ಕಪ್ಪಿನ ಮೇಲೆ ಎರಡು ಸಲ ಕೆತ್ತಲ್ಪಟ್ಟಿತು. ಅದರಲ್ಲಿ ಆಡಿದವರೋ ಅಲ್ಲಿ ಬೀಡುಬಿಟ್ಟ ದಾರಿಗರು.

ಆದರೂ ಆ ದಾರಿಗರಲ್ಲಿ ಒಮ್ಮೊಮ್ಮೆ ಮಹಾರಾಜರೂ ಇರುತ್ತಿದ್ದರು. ಯುದ್ಧವು ಇಂಗ್ಲೆಂಡು ಸ್ಕಾಟ್ಲೆಂಡುಗಳ ಕಸುಬುದಾರ ಆಟಗಾರರಿಗೂ ಖಾಕಿ ತೊಡಿಸಿತ್ತು. ಸ್ಕಾಟ್ಲೆಂಡಿನ ಟಾಮಿ ವಾಕರ್ ಸೈನ್ಯದ ಟೀಮಿನೊಂದಿಗೆ ಭಾರತದಲ್ಲಿ ಸುತ್ತಿ ಆಡಿದರು. ಆರ್ಸೆನಲ್ಲಿನ ಡೆನಿಸ್ ಕಾಂಪ್ಟನ್ ಮಧ್ಯಭಾರತದ ಮ್ಹೌ ದಂಡಿನಲ್ಲಿದ್ದರು. ಈತ ಕ್ರಿಕೆಟ್ಟಿನಲ್ಲಿಯೂ ನಿಸ್ಸೀಮ. 1945ರ ರಣಜಿ ಫೈನಲ್ಲಿನಲ್ಲಿ ಹೋಳ್ಕರರ ಪಕ್ಷ ವಹಿಸಿ ಬೊಂಬಾಯಿಯ ಮೇಲೆ ಔಟಾಗದೆ 249 ಹೊಡೆದದ್ದನ್ನು ಹಿರಿಯರು ಕಥೆಯಾಗಿ ಹೇಳುತ್ತಿದ್ದರು. ಲಂಡನ್ನಿನಲ್ಲಿ ಟಿಕೆಟ್ಟು ಕೊಂಡು ನೋಡಬೇಕಾದವರನ್ನು ನಮ್ಮ ಜನ ಬೇಲಿಯ ಪಕ್ಕದಲ್ಲಿ ನಿಂತು ಬಿಟ್ಟಿಯಾಗಿ ನೋಡಿದ ಕಾಲ ಅದು.

ಬಿಟ್ಟಿ ಎಂದೆವು. ಪೂರ್ತಿ ಬಿಟ್ಟಿಯಲ್ಲ. ಬರ್ಮಾ ಹೋದುದರ ಬೆಲೆಯನ್ನು ತೆತ್ತದ್ದು ಈ ಕರಾವಳಿಯ ಹೊಟ್ಟೆ. ತಿರುವಾಂಕೂರು ಮತ್ತು ಕೊಚ್ಚಿ ಸಂಸ್ಥಾನಗಳು ತೆಂಗು, ಮೆಣಸು, ರಬ್ಬರುಗಳನ್ನು ಬೆಳೆದು ಮಾರಿ ಬರ್ಮದ ಅಕ್ಕಿಯನ್ನು ತರಿಸಿ ಉಣ್ಣುತ್ತಿದ್ದ ನಾಡುಗಳು. ಹಡಗು ನಿಂತಿತು, ಅಕ್ಕಿ ನಿಂತಿತು. ರೇಷನ್ನು ಬಂತು. ಬಡವರ ಎಲೆಯಲ್ಲಿ ಅನ್ನದ ಜಾಗಕ್ಕೆ ಮರಗೆಣಸು ಬಂತು. ಅದೂ ಸಿಗದವರು ಹಸಿವಿನಿಂದಲೂ ಹಸಿವಿನ ಹಿಂದೆಯೇ ಬರುವ ರೋಗಗಳಿಂದಲೂ ಸತ್ತರು. ಮೈದಾನದ ಒಳಗೆ ಡಬ್ಬಿಯ ಮಾಂಸ ತಿಂದು ಬೂಟು ತೊಟ್ಟವರು, ಹೊರಗೆ ಗಂಜಿ ಕುಡಿದು ಬರಿಗಾಲಿನಲ್ಲಿ ನಿಂತವರು. ಈ ಎರಡು ಬಗೆಯ ಕಾಲುಗಳು ಎದುರುಬದುರಾದಾಗ ಆದದ್ದು ಬರಿಯ ಆಟವಲ್ಲ. ಅದನ್ನು ತಿಳಿಯಲು ಕೊಚ್ಚಿಯಿಂದ ನಮ್ಮ ಬೆಂಗಳೂರಿಗೇ ಹೋಗಬೇಕು. ಏಕೆಂದರೆ ದಂಡಿನ ಟೀಮನ್ನು ಬರಿಗಾಲಿನವರು ದೊಡ್ಡ ಪಂದ್ಯದಲ್ಲಿ ಸೋಲಿಸಿದ ಪಾಠವನ್ನು ದಕ್ಷಿಣದೇಶಕ್ಕೆ ಮೊದಲು ಬರೆದುಕೊಟ್ಟದ್ದು ಅದೇ ಊರು.

ಬೆಂಗಳೂರಿನ ದಂಡು 1809ರಷ್ಟು ಹಳೆಯದು. ಪೇಟೆಯ ಕೋಟೆಯ ಆಚೆ ಹಲಸೂರಿನ ಬಳಿ ಇಂಗ್ಲಿಷರು ಬೀಡುಬಿಟ್ಟರು, ಬೀಡು ಊರಾಯಿತು, ಊರು ಬೇರೆ ಸರಕಾರವೇ ಆಯಿತು. ಮೈಸೂರಿನ ಮಹಾರಾಜರ ನೆಲದ ನಡುವೆ ಇಂಗ್ಲಿಷರ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’. ಅದು ಮೈಸೂರಿಗೆ ಹಿಂತಿರುಗಿದ್ದು 1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ ಮೂರು ವಾರ ಮೊದಲು. ಈ ದಂಡಿಗೆ ಊಟ, ಬಟ್ಟೆ, ಕುದುರೆಗೆ ಹುಲ್ಲು ಒದಗಿಸಲು ಬಂದ ತಮಿಳರು, ಉರ್ದು ಮಾತಿನ ಮುಸಲ್ಮಾನರು, ತೆಲುಗರು, ಆಂಗ್ಲೋ ಇಂಡಿಯನ್ನರು ಅದರ ಸುತ್ತಲಿನ ಕೇರಿಗಳಲ್ಲಿ ಬೆಳೆದರು. ಬೆಂಗಳೂರಿನ ಫುಟ್‌ಬಾಲು ಬೆಳೆದದ್ದು ಈ ಕೇರಿಗಳಲ್ಲಿ. ಪೇಟೆಯ ನಮ್ಮ ಹಳೆಯ ಮನೆತನಗಳವರು ಕ್ರಿಕೆಟ್ಟಿನ ಕಡೆ ಹೋದರು. ಚೆಂಡು ಒದೆಯುವುದು ಅವರಿಗೆ ಅಷ್ಟು ಮರ್ಯಾದೆಯ ಕೆಲಸವಾಗಿ ಕಂಡಿರಲಾರದು. ಆದ್ದರಿಂದಲೋ ಏನೋ ಕನ್ನಡದ ಪುಸ್ತಕಗಳಲ್ಲಿ ಈ ಆಟಗಾರರ ಹೆಸರು ವಿರಳ. ಅವರ ಮನೆಮಾತು ಯಾವುದಾದರೂ ಇರಲಿ, ಅವರು ಅಂಗಿಯ ಮೇಲೆ ಹೊತ್ತದ್ದು ನಮ್ಮ ನಾಡಿನ ಹೆಸರನ್ನು.

ಬರಿಗಾಲಿನ ಆಟಕ್ಕೆ ನೆಲದ ಅನುಕೂಲವೂ ಬೇಕು. ಕೊಚ್ಚಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರು ಮಳೆ. ಬೆಂಗಳೂರಿನಲ್ಲಿ ಅದರ ಮೂರನೆಯ ಒಂದು ಪಾಲಿನಷ್ಟು. ಕೆಸರಿನಲ್ಲಿ ಬೂಟಿನ ಅಡಿಯ ಮೊಳೆಗಳು ಕಚ್ಚಿ ಹಿಡಿಯುತ್ತವೆ, ಬರಿಗಾಲು ಜಾರುತ್ತದೆ. ಕಲ್ಕತ್ತೆಯ ಮಳೆಗಾಲದ ಲೀಗಿನಲ್ಲಿ ಭಾರತೀಯರು ಎಷ್ಟೋ ಕಾಲ ಬಿಳಿಯ ರೆಜಿಮೆಂಟುಗಳ ಕೈಯಲ್ಲಿ ಸೋತದ್ದಕ್ಕೆ ಇದೊಂದು ಕಾರಣ. ಆದರೆ ಬೆಂಗಳೂರಿನ ಗಟ್ಟಿ ಕೆಂಪುನೆಲದ ಮೇಲೆ ಕಥೆ ತಿರುಗಿತು. ಅಲ್ಲಿ ಚೆಂಡು ಬರಿಗಾಲಿನ ಬೆರಳುಗಳಿಗೆ ಅಂಟಿಕೊಂಡು ಬರುತ್ತದೆ. ಬೂಟಿನವನು ದೊಡ್ಡ ಹೆಜ್ಜೆ ಹಾಕಿ ತಿರುಗುವಷ್ಟರಲ್ಲಿ ಬರಿಗಾಲಿನವನು ಎರಡು ಸಲ ತಿರುಗಿರುತ್ತಾನೆ. ಮೈಸೂರಿನವರ ಆಟ ಎಂದು ಮುಂದೆ ಹೆಸರಾದ ಸಣ್ಣ ಸಣ್ಣ ಪಾಸುಗಳ ನೇಯ್ಗೆಯ ಹಿಂದೆ ಈ ನೆಲದ ಪಾಠವಿದೆ.

ಈ ಪಾಠವನ್ನು ಬೊಂಬಾಯಿಗೆ ಕೊಂಡೊಯ್ದದ್ದು ‘ಬೆಂಗಳೂರು ಮುಸ್ಲಿಮ್ಸ್’ ಎಂಬ ಟೀಮು. 1891ರಿಂದ 1936ರವರೆಗೆ ರೋವರ್ಸ್ ಕಪ್ಪನ್ನು ಗೆದ್ದವರೆಲ್ಲ ಬ್ರಿಟಿಷ್ ಸೈನ್ಯದವರೇ. 1937ರಲ್ಲಿ ಬೆಂಗಳೂರಿನವರು ಅದನ್ನು ಗೆದ್ದರು. ಫೈನಲ್ಲಿನಲ್ಲಿ ಎದುರು ನಿಂತದ್ದು ಕಲ್ಕತ್ತೆಯ ಮಹಮ್ಮಡನ್ ಸ್ಪೋರ್ಟಿಂಗ್; 1934ರಿಂದ ಸತತವಾಗಿ ಕಲ್ಕತ್ತಾ ಲೀಗನ್ನು ಗೆಲ್ಲುತ್ತಿದ್ದ, ಅಂದಿನ ಭಾರತದ ಅತಿ ಬಲಿಷ್ಠ ಟೀಮು. ಬೆಂಗಳೂರಿನವರು ಒಂದು ಗೋಲಿನಿಂದ ಗೆದ್ದರು. ‘ಅದೃಷ್ಟ’ ಎಂದವರೂ ಇದ್ದಿರಬಹುದು. ಮರುವರ್ಷ, 1938ರಲ್ಲಿ, ಅವರು ಮತ್ತೆ ಫೈನಲ್ಲಿಗೆ ಬಂದರು. ಈ ಸಲ ಎದುರಿಗಿದ್ದದ್ದು ಆರ್ಗೈಲ್ ಅಂಡ್ ಸದರ್‌ಲೆಂಡ್ ಹೈಲ್ಯಾಂಡರ್ಸ್ ಎಂಬ ಸ್ಕಾಟ್ಲೆಂಡಿನ ರೆಜಿಮೆಂಟು. ಮೂರು ಗೋಲಿಗೆ ಎರಡು. ಕಪ್ಪು ಮತ್ತೆ ಬೆಂಗಳೂರಿಗೆ ಬಂತು.

ನಾವು ಚಿಕ್ಕವರಿದ್ದಾಗ ಇಂತಹ ಗೆಲುವುಗಳನ್ನು ಕುರಿತು ಕೇಳಿದ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಬರಿಗಾಲಿನವರು ಬಿಳಿಯರನ್ನು ಸೋಲಿಸಿದರು, ಚಪ್ಪಾಳೆ. ಸೋತವರು ಎಲ್ಲಿಗೆ ಹೋದರು ಎಂದು ಕೇಳುವ ಅಭ್ಯಾಸ ನಮಗಿರಲಿಲ್ಲ. ಈಗ ಕೇಳೋಣ.

ಆಗ ಭಾರತದಲ್ಲಿದ್ದದ್ದು ಆರ್ಗೈಲ್ ರೆಜಿಮೆಂಟಿನ 2ನೆಯ ಬೆಟಾಲಿಯನ್. 1939ರಲ್ಲಿ, ಎಂದರೆ ಆ ಫೈನಲ್ಲಿನ ಮರುವರ್ಷವೇ, ಅದನ್ನು ಸಿಂಗಪುರಕ್ಕೆ ಕಳಿಸಿದರು. ಅಲ್ಲಿ ಇಯಾನ್ ಸ್ಟುವರ್ಟ್ ಎಂಬ ಅಧಿಕಾರಿ ಅವರನ್ನು ಮಲಯದ ರಬ್ಬರು ತೋಟಗಳಲ್ಲಿಯೂ ಕಾಡುಗಳಲ್ಲಿಯೂ ಬೆವರು ಹರಿಸಿ ದುಡಿಸಿ ತಯಾರು ಮಾಡಿದ. ಬೇರೆಯವರು ಇದನ್ನು ಹುಚ್ಚೆಂದು ನಕ್ಕರಂತೆ. 1941ರ ಡಿಸೆಂಬರಿನಲ್ಲಿ ಜಪಾನೀಯರು ಮಲಯಕ್ಕೆ ಇಳಿದಾಗ ಮೆಟ್ಟಿ ನಿಂತು ಕಾದಾಡಿದ ಕೆಲವೇ ಪಡೆಗಳಲ್ಲಿ ಇದೂ ಒಂದು. 1942ರ ಜನವರಿ 7ರಂದು ಸ್ಲಿಮ್ ನದಿಯ ಬಳಿ ಜಪಾನಿನ ಟ್ಯಾಂಕುಗಳು ನುಗ್ಗಿ ಬೆಟಾಲಿಯನ್ನಿನ ಬಹುಪಾಲನ್ನು ನುಚ್ಚುನೂರು ಮಾಡಿದವು. ಆ ತಿಂಗಳ ಕೊನೆಯ ದಿನ, ಸಿಂಗಪುರವನ್ನು ಭೂಭಾಗಕ್ಕೆ ಜೋಡಿಸಿದ ಕಟ್ಟೆಯನ್ನು ಎಲ್ಲರಿಗಿಂತ ಕೊನೆಗೆ ದಾಟಿದವರು ಅವರು. ಉಳಿದಿದ್ದವರು ಸುಮಾರು 250 ಮಂದಿ. ಮುಂದೆ ಬ್ಯಾಗ್‌ಪೈಪು ಊದುತ್ತ ನಡೆದು ಬಂದರು. ಅವರು ದಾಟಿದ ಮೇಲೆ ಕಟ್ಟೆಯನ್ನು ಸಿಡಿಮದ್ದಿಟ್ಟು ಒಡೆದರು.

ಇಷ್ಟರಲ್ಲಿಯೂ ಚೆಂಡು ಅವರ ಜೊತೆಯನ್ನು ಬಿಡಲಿಲ್ಲ. ಡಿಸೆಂಬರ್ 10ರಂದು ಮುಳುಗಿದ ‘ಪ್ರಿನ್ಸ್ ಆಫ್ ವೇಲ್ಸ್’, ‘ರಿಪಲ್ಸ್’ ಎಂಬ ಯುದ್ಧನೌಕೆಗಳಿಂದ ಬದುಕಿ ಬಂದ ನೌಕಾಸೈನಿಕರನ್ನು ಈ 250 ಮಂದಿಯೊಡನೆ ಕಲಸಿ ಒಂದು ಪಡೆ ಮಾಡಿದರು. ನೌಕಾಸೈನಿಕರು ಪ್ಲಿಮತ್ ಊರಿನ ವಿಭಾಗದವರು, ಇವರು ಆರ್ಗೈಲರು. ಇಂಗ್ಲೆಂಡಿನಲ್ಲಿ ‘ಪ್ಲಿಮತ್ ಆರ್ಗೈಲ್’ ಎಂಬ ಫುಟ್‌ಬಾಲು ಕ್ಲಬ್ಬು ಇದೆಯಷ್ಟೆ. ಸಿಪಾಯಿಗಳು ತಮ್ಮ ಹರಕು ಪಡೆಗೆ ಅದೇ ಹೆಸರಿಟ್ಟುಕೊಂಡರು. ಎರಡು ವಾರದಲ್ಲಿ ಸಿಂಗಪುರ ಶರಣಾಯಿತು. ಬದುಕುಳಿದವರು ಸೆರೆಯಾಳುಗಳಾದರು. ಅನೇಕರು ಬರ್ಮಾ ರೈಲುದಾರಿಯ ಕೆಲಸದಲ್ಲಿ ಅಸುನೀಗಿದರು.

ಆ ಶರಣಾಗತಿಯ ದಿನ ಸಿಂಗಪುರದಲ್ಲಿ ಆಯುಧ ಕೆಳಗಿಟ್ಟವರಲ್ಲಿ ಮೈಸೂರು ಸಂಸ್ಥಾನದ 1ನೆಯ ಇನ್‌ಫೆಂಟ್ರಿಯೂ ಇತ್ತು. ಮೈಸೂರಿನ ಮಹಾರಾಜರ ಉಪ್ಪುಂಡ ನಮ್ಮ ಹುಡುಗರು ಅವರು. ಬೆಂಗಳೂರಿನವರು ಬೊಂಬಾಯಿಯಲ್ಲಿ ಸೋಲಿಸಿದ ಟೀಮಿನ ರೆಜಿಮೆಂಟೂ, ಬೆಂಗಳೂರಿನ ರಾಜ್ಯದ ಪಡೆಯೂ ಒಂದೇ ದಿನ ಒಂದೇ ಸೆರೆಗೆ ಹೋದವು. ನಮ್ಮ ಹಳೆಯ ಚಪ್ಪಾಳೆಯ ಸದ್ದು ಇದನ್ನು ಓದಿದ ಮೇಲೆ ಕಿವಿಗೆ ಬೇರೆಯಾಗಿ ಕೇಳಿಸುತ್ತದೆ. ಗೆಲುವಿನ ಹೆಮ್ಮೆಯನ್ನು ಬಿಡಬೇಕಾಗಿಲ್ಲ; ಮೂರಕ್ಕೆ ಎರಡು ಎಂದರೆ ಮೂರಕ್ಕೆ ಎರಡೇ. ಆದರೆ ಆ ಎರಡು ಗೋಲು ಹೊಡೆದವರಿಗೂ ಒಂದು ಹೆಸರು, ಒಂದು ಊರು ಇತ್ತೆಂಬುದನ್ನು ಕಪ್ಪಿನ ಮೇಲೆ ಯಾರೂ ಕೆತ್ತುವುದಿಲ್ಲ.

1940ರಲ್ಲಿ ಬೆಂಗಳೂರಿನವರು ಮೂರನೆಯ ಸಲ ರೋವರ್ಸ್ ಫೈನಲ್ಲಿಗೆ ಹೋಗಿ ಮಹಮ್ಮಡನ್ ಸ್ಪೋರ್ಟಿಂಗಿಗೆ ಒಂದು ಗೋಲಿನಿಂದ ಸೋತರು. ಹಳೆಯ ಸಾಲ ತೀರಿತು. ಅದೇ ಮಹಮ್ಮಡನ್ ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿಯಲ್ಲಿ ರಾಯಲ್ ವಾರಿಕ್‌ಷೈರ್ ರೆಜಿಮೆಂಟನ್ನು ಎರಡಕ್ಕೆ ಒಂದರಿಂದ ಸೋಲಿಸಿ ಡ್ಯೂರಂಡ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ಟೀಮಾಯಿತು. ಬಳಿಕ ಡ್ಯೂರಂಡ್ ಪಂದ್ಯಾಟವೇ ಯುದ್ಧದಿಂದ ನಿಂತುಹೋಗಿ ದಶಕದ ಕೊನೆಯವರೆಗೆ ನಡೆಯಲಿಲ್ಲ.

ಆ ವೇಳೆಗೆ ಬೆಂಗಳೂರು ಕೂಡ ದೊಡ್ಡ ನೆಲೆಯಾಗಿತ್ತು. 1940ರ ಡಿಸೆಂಬರಿನಲ್ಲಿ ವಾಲಚಂದ ಹೀರಾಚಂದರು ಮೈಸೂರು ಸರಕಾರದ ಜೊತೆಗೂಡಿ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ನಿಲ್ಲಿಸಿದರು. 1943ರಲ್ಲಿ ಅಮೆರಿಕನ್ನರು ಅದನ್ನು ತಮ್ಮ ವಿಮಾನಗಳ ದುರಸ್ತಿಗೆ ವಹಿಸಿಕೊಂಡರು. ಕೊಚ್ಚಿಯ ಹಿನ್ನೀರಿನಲ್ಲಿ ಇಳಿಯುತ್ತಿದ್ದ ಜಾತಿಯ ಕ್ಯಾಟಲೀನಾಗಳನ್ನೇ ದುರಸ್ತಿಗಾಗಿ ಬೆಳ್ಳಂದೂರು ಕೆರೆಯಲ್ಲಿ ಇಳಿಸುತ್ತಿದ್ದರು. ಇಂದು ಆ ಕೆರೆಯ ನೊರೆಯನ್ನು ಕಂಡವರು ಇದನ್ನು ನಂಬುವುದು ಕಷ್ಟ. ಇತ್ತ ಜಾಲಹಳ್ಳಿಯ ಕಡೆ ಸೈನ್ಯದ ಆಸ್ಪತ್ರೆಗಳು, ಇಟಲಿಯ ಸೆರೆಯಾಳುಗಳ ಶಿಬಿರಗಳು. ಊರ ತುಂಬ ಬೂಟಿನ ಸದ್ದು. ಬೆಂಗಳೂರಿನ ಒಂದು ಪೀಳಿಗೆಯ ಆಟಗಾರರು ಹರೆಯಕ್ಕೆ ಕಾಲಿಟ್ಟದ್ದು ಈ ಸದ್ದಿನ ನಡುವೆ.

ಅದರ ಫಲ ಕಂಡದ್ದು ಯುದ್ಧ ಮುಗಿದ ಮೇಲೆ. 1946ರ ಸಂತೋಷ್ ಟ್ರೋಫಿ ಪಂದ್ಯಾಟ ಬೆಂಗಳೂರಿನಲ್ಲಿ ನಡೆಯಿತು. ಫೈನಲ್ಲಿನಲ್ಲಿ ಮೈಸೂರು, ಬಂಗಾಳ. ಮೊದಲ ದಿನ ಗೋಲೇ ಆಗಲಿಲ್ಲ. ಮರುಪಂದ್ಯದಲ್ಲಿ ಮೈಸೂರು ಎರಡಕ್ಕೆ ಒಂದರಿಂದ ಗೆದ್ದಿತು. 1948ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಮೋಹನ್ ಬಾಗಾನನ್ನು ಸೋಲಿಸಿ ಮೂರನೆಯ ಬಾರಿ ರೋವರ್ಸ್ ಕಪ್ಪನ್ನು ಎತ್ತಿತು. ಅದೇ ವರ್ಷದ ಜುಲೈ 31ರಂದು ಲಂಡನ್ ಬಳಿಯ ಇಲ್ಫರ್ಡಿನಲ್ಲಿ ಸ್ವತಂತ್ರ ಭಾರತ ತನ್ನ ಮೊದಲ ಒಲಿಂಪಿಕ್ ಫುಟ್‌ಬಾಲು ಪಂದ್ಯವನ್ನು ಫ್ರಾನ್ಸಿನ ಎದುರು ಆಡಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನವರು. ಎರಡು ಪೆನಾಲ್ಟಿಗಳು ವ್ಯರ್ಥವಾದವು. ಕೊನೆಗಳಿಗೆಯ ಗೋಲಿನಿಂದ ಒಂದಕ್ಕೆ ಎರಡರಿಂದ ಸೋತೆವು. ಭಾರತದ ಆ ಒಂದು ಗೋಲನ್ನು, ಒಲಿಂಪಿಕ್ಸಿನಲ್ಲಿ ನಮ್ಮ ದೇಶದ ಮೊತ್ತಮೊದಲ ಗೋಲನ್ನು, ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಆ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್, ಧನರಾಜ್, ಬಷೀರ್ ಇದ್ದರು. ಬೊಂಬಾಯಿಯಿಂದ ಹೋಗಿದ್ದ ಗೋಲಿ ಸಂಜೀವ ಉಚ್ಚಿಲ್ ಅವರ ಹೆಸರೇ ನಮ್ಮ ತುಳುನಾಡಿನ ಕಡಲತೀರವನ್ನು ಹೇಳುತ್ತದೆ. ಅವರೊಡನೆ ಕೇರಳದ ತಿರುವಲ್ಲಾ ಪಾಪ್ಪನ್ ಎಂದೇ ಹೆಸರಾದ ಟಿ. ಎಂ. ವರ್ಗೀಸರೂ ಇದ್ದರು. ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ ‘ಪಂಚಪಾಂಡವರು’ ಎಂದು ಜನ ಕರೆದ ಐವರು ಮುಂಚೂಣಿ ಆಟಗಾರರಲ್ಲಿ ಅಹ್ಮದ್ ಖಾನ್, ಧನರಾಜ್, ವೆಂಕಟೇಶ್ ಬೆಂಗಳೂರಿನಿಂದ ಹೋದವರು, ಸಾಲೇ ಕೋಟ್ಟಯದವರು, ಅಪ್ಪಾರಾವ್ ಆಂಧ್ರದವರು. ಬಂಗಾಳಿಗಳ ಮಹಾಭಾರತಕ್ಕೆ ಪಾಂಡವರೆಲ್ಲರೂ ದಕ್ಷಿಣದವರೇ ಆದದ್ದು ವಿನೋದವಲ್ಲವೆ?

ಬರಿಗಾಲಿನ ಕಾಲ ಮುಗಿದದ್ದು 1952ರಲ್ಲಿ. ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯದವರು ಹತ್ತು ಗೋಲು ಹೊಡೆದರು. ನಮ್ಮ ಕಡೆಯ ಒಂದೇ ಗೋಲು ಅಹ್ಮದ್ ಖಾನರದು. ಆ ಬಳಿಕ ಬೂಟು ಕಡ್ಡಾಯವಾಯಿತು. ದಂಡಿನವರ ಎದುರು ಬರಿಗಾಲಿನಲ್ಲಿ ಆಡಿ ಗೆದ್ದವರು, ದಂಡಿನವರು ಹಡಗು ಹತ್ತಿ ಹೋದ ಮೇಲೆ ಅವರ ಬೂಟನ್ನು ತೊಟ್ಟರು.

ಇನ್ನು ತಿರುವನಂತಪುರದ ಮಾತು. ಅಲ್ಲಿ ದಂಡು ಎಂಬುದು ಇಂಗ್ಲಿಷರದ್ದಷ್ಟೇ ಅಲ್ಲ, ರಾಜರದೂ ಹೌದು. ತಿರುವಾಂಕೂರಿನ ನಾಯರ್ ಪಡೆ ಬಹು ಹಳೆಯದು. ನಗರದ ನಡುವಿನ ಪಾಳಯಂ ಎಂಬ ಬಡಾವಣೆಯ ಹೆಸರೇ ಬೀಡು ಎಂದು ಅರ್ಥ. ನಮ್ಮ ಬೆಂಗಳೂರಿನ ಪಾಳ್ಯಗಳ ಒಡಹುಟ್ಟು ಅದು. ಅಲ್ಲಿಯ ಮಸೀದಿಯನ್ನು ಹಿಂದೆ ಪಟ್ಟಾಳದ ಪಳ್ಳಿ ಎನ್ನುತ್ತಿದ್ದರು, 1813ರಲ್ಲಿ ಅಲ್ಲಿ ತಂಗಿದ ಸಿಪಾಯಿಗಳಿಗಾಗಿ ಎದ್ದದ್ದೆಂದು. ಪಳವಂಗಾಡಿ ಗಣಪತಿಯ ಗುಡಿಯ ಉಸ್ತುವಾರಿ ನಾಯರ್ ಪಡೆಯಿಂದ ಭಾರತದ ಸೈನ್ಯಕ್ಕೆ ಬಂದು ಇಂದಿಗೂ ಸೈನ್ಯದ ಕೈಯಲ್ಲಿದೆ. ಇಂತಹ ಊರಿನಲ್ಲಿ ಪಟ್ಟಾಳದ ಮಗ್ಗುಲಲ್ಲಿಯೇ ಆಟದ ಮೈದಾನಗಳು ಬೆಳೆದವು. ಪಾಳಯದ ಬಳಿಯ ಯೂನಿವರ್ಸಿಟಿ ಸ್ಟೇಡಿಯಂ ಯುದ್ಧದ ಆರಂಭದ ವರ್ಷಗಳದ್ದು. ಅಲ್ಲಿನ ಕ್ರೀಡೆಗೆ ಬೆನ್ನೆಲುಬಾದವರು ರಾಜಮನೆತನದ ಅಳಿಯ ಗೋದವರ್ಮ ರಾಜರು. ವಿಮಾನ ಹಾರಿಸಿದರು, ಟೆನಿಸ್ ಕ್ಲಬ್ ಕಟ್ಟಿದರು, 1954ರಲ್ಲಿ ಸಂಸ್ಥಾನದ ಕ್ರೀಡಾ ಮಂಡಳಿಯನ್ನು ನಿಲ್ಲಿಸಿದರು.

ಸಂಸ್ಥಾನಗಳು ವಿಲೀನವಾದ ಮೇಲೆ ಈ ರಾಜರ ಪಡೆಗಳಿಗೂ ಹೊಸ ಅಂಗಿ ಬಂತು. ತಿರುವಾಂಕೂರಿನ ನಾಯರ್ ಬೆಟಾಲಿಯನ್ನುಗಳು ಮದರಾಸು ರೆಜಿಮೆಂಟಿನ 9ನೆಯದೂ 16ನೆಯದೂ ಆದವು. ಸಿಂಗಪುರವನ್ನು ಕಂಡು ಬಂದ ಮೈಸೂರು ಇನ್‌ಫೆಂಟ್ರಿಯ ಪರಂಪರೆ ಅದೇ ರೆಜಿಮೆಂಟಿನ 18ನೆಯದಕ್ಕೆ ಸಂದಿತು. ಆ ರೆಜಿಮೆಂಟಿನ ಕೇಂದ್ರ ನೀಲಗಿರಿಯ ವೆಲಿಂಗ್ಟನ್ನಿನಲ್ಲಿದೆ. 1955ರಲ್ಲಿ ವೆಲಿಂಗ್ಟನ್ನಿನ ಟೀಮು ಡ್ಯೂರಂಡ್ ಕಪ್ಪನ್ನು ಗೆದ್ದಿತು, 1958ರಲ್ಲಿ ಇನ್ನೊಮ್ಮೆ. ಗೋಲಿನಲ್ಲಿ ಪೀಟರ್ ತಂಗರಾಜ್, ಮುಂದೆ ಏಷ್ಯದಲ್ಲಿಯೇ ಹೆಸರಾದವರು. ಬಿಳಿಯ ರೆಜಿಮೆಂಟುಗಳಿಗಾಗಿ ಹುಟ್ಟಿದ ಕಪ್ಪು ಹೀಗೆ ದಕ್ಷಿಣದ ಸಿಪಾಯಿಗಳ ಕೈಗೆ ಬಂತು. ಇದು ಕೂಡ ನೆಲೆಯ ಟೀಮೇ, ಇದರದೂ ಸೀಸನ್ನೇ; ಆದರೆ ಇವರು ಮುಂದಿನ ಹಡಗಿಗೆ ಕಾಯುತ್ತಿದ್ದ ದಾರಿಗರಲ್ಲ.

ಅದೇ 1955-56ರ ಸಾಲಿನಲ್ಲಿ ಸಂತೋಷ್ ಟ್ರೋಫಿ ಪಂದ್ಯಾಟ ನಮ್ಮ ಎರ್ನಾಕುಳಕ್ಕೆ ಬಂತು. ಯುದ್ಧ ಮುಗಿದು ಹತ್ತು ವರ್ಷ. ಎದುರಿನ ದ್ವೀಪದ ವಿಮಾನಪಟ್ಟಿ 1953ರಿಂದ ಗರುಡ ಎಂಬ ಹೆಸರಿನಿಂದ ಭಾರತೀಯ ನೌಕಾಪಡೆಯದಾಗಿತ್ತು. ಕೊಚ್ಚಿ, ತಿರುವಾಂಕೂರು ಎರಡೂ 1949ರಲ್ಲಿಯೇ ಒಂದಾಗಿದ್ದವು. ಫೈನಲ್ಲಿಗೆ ಬಂದವರು ಮತ್ತೆ ಅವೇ ಹಳೆಯ ಜೋಡಿ, ಮೈಸೂರು ಮತ್ತು ಬಂಗಾಳ. ಮೈಸೂರು ಎಂದು ಈ ಊರಿನ ಮೈದಾನದಲ್ಲಿ ಕೂಗಲು ಕನ್ನಡಿಗರಿಗೆ ಅವಕಾಶ ದೊರೆತ ಪಂದ್ಯ ಅದು. ಬಂಗಾಳ ಒಂದು ಗೋಲಿನಿಂದ ಗೆದ್ದಿತು. ಮುಂದಿನ ಸಾಲಿನ ಪಂದ್ಯಾಟ ತಿರುವನಂತಪುರದಲ್ಲಿ ನಡೆದು ಹೈದರಾಬಾದು ಕಪ್ಪನ್ನು ಕೊಂಡೊಯ್ಯಿತು. ಅಷ್ಟರಲ್ಲಿ ನವೆಂಬರ್ ಒಂದು ಕಳೆದಿತ್ತು. ಆತಿಥ್ಯ ವಹಿಸಿದ ರಾಜ್ಯಕ್ಕೆ ಕೇರಳವೆಂದು ಹೆಸರಾಗಿತ್ತು, ಮೈಸೂರಿನ ಎಲ್ಲೆ ಬೀದರಿನವರೆಗೆ ಹಬ್ಬಿತ್ತು.